ಹರಳು ಬೀಳಿಸುವ ಕೈ

ನಮ್ಮ ಮೈದುನ ಮಾಡಿದ ಟಾಫಿ ತಿಂದು ಇಲ್ಲಿಯತನಕ ಯಾರೂ ಸತ್ತಿಲ್ಲ. ಅವನ ಪರವಾಗಿ ಹೇಳಬಹುದಾದ ಮಾತು ಇದೊಂದೇ. ಹಲ್ಲು ಕಳಕೊಂಡವರು ಮಾತ್ರ ಇಬ್ಬರಿದ್ದಾರೆ. ಒಬ್ಬ ಹಿಟ್ಟಿನ ಗಿರಣಿಯ ಮುದುಕ, ಅವನ ಬಾಯಲ್ಲಿ ಉಳಿದದ್ದೇ ಎರಡು ಹಲ್ಲು. ಇನ್ನೊಬ್ಬಾಕಿ ನಾನು. ನನ್ನ ಹಲ್ಲು ಮೊದಲೇ ಅಲುಗಾಡುತ್ತಿತ್ತು ಅಂತ ಮೈದುನ ಊರೆಲ್ಲ ಹೇಳಿಕೊಂಡು ಅಡ್ಡಾಡಿದ. ಅಲುಗಾಡುತ್ತಿತ್ತು, ಖರೆ. ಆದರೆ ಅಲುಗಾಡುವ ಹಲ್ಲು ಬಾಯಾಗ ಇರತೈತ್ರಿ, ಬಿದ್ದ ಹಲ್ಲು ಇರೂದಿಲ್ಲ. ಇಷ್ಟು ತಿಳಿಯದ ಮನುಷ್ಯ ಮೂವತ್ನಾಲ್ಕು ವರ್ಷ ಸಕ್ಕರೆ ಫ್ಯಾಕ್ಟರಿಯಲ್ಲಿ ದುಡಿದು ಶಾಲು ಹಾರ ಹಾಕಿಸಿಕೊಂಡು ರಿಟೈರ್ ಆದ.

ಅವನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಓದಿ ಹಿಗ್ಗಿ ಹೋಗುತ್ತಾನೆ. ಬೈದು ಬರೆದರೂ ಹಿಗ್ಗುವ ಗಿರಾಕಿ ಅದು.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿಗೆ ಆರು ವರ್ಷ. ಮೂಗು ಒರೆಸಿದಾಕಿ ನಾನು, ಅಂಗಿಗೆ ಗುಂಡಿ ಹಚ್ಚಿದಾಕಿ ನಾನು, ಸಾಲಿಗೆ ಎಳಕೊಂಡು ಹೋಗಿ ಬಿಟ್ಟು ಬಂದಾಕಿ ನಾನು. ಈಗ ಅವನಿಗೆ ಅರವತ್ಮೂರು. ಮೂಗೊಂದು ತಾನೇ ಒರೆಸಿಕೊಳ್ಳುತ್ತಾನೆ. ಉಳಿದದ್ದೆಲ್ಲ ಇನ್ನೂ ನನ್ನ ತಲೆಯ ಮೇಲೆಯೇ ಇದೆ. ಹೆಂಡತಿ ತೀರಿಕೊಂಡು ಎಂಟು ವರ್ಷ ಆಯಿತು. ಮಲಗುವುದು ಹಿತ್ತಲ ಆಚೆಯ ತನ್ನ ಮನೆಯಲ್ಲಿ, ಉಣ್ಣುವುದು ನನ್ನ ಒಲೆಯ ಮುಂದೆ.

ನಮ್ಮೂರು ಕಾಗವಾಡದ ಕಡೆ. ಹೊಳೆಯ ಆಚೆ ಫ್ಯಾಕ್ಟರಿ. ಪಾಳಿ ಬದಲಾದಾಗೊಮ್ಮೆ ಅದರ ಭೋಂಗಾ ಕೂಗುತ್ತದೆ. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ, ನಡುರಾತ್ರಿ ಒಮ್ಮೆ. ಇವನು ರಿಟೈರ್ ಆದದ್ದು ಭೋಂಗಾಕ್ಕೂ ಗೊತ್ತಿಲ್ಲ, ಇವನಿಗೂ ಗೊತ್ತಿಲ್ಲ. ಎಂಟರದು ಕೂಗಿತು ಅಂದರೆ ರಾತ್ರಿಪಾಳಿ ಮುಗಿಸಿ ಬಂದವನ ಹಾಗೆ ನನ್ನ ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ಕೂಡುತ್ತಾನೆ. ಅಷ್ಟೊತ್ತಿಗೆ ನನ್ನ ಮಗ ಸೊಸೆ ಇಬ್ಬರೂ ನೌಕರಿಗೆ ಹೋಗಿರುತ್ತಾರೆ.

"ವೈನಿ, ಚಾ." ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ.

"ರಾತ್ರಿ ಎಲ್ಲಾ ಗುಡ್ಡಾ ಹೊತ್ತಿಯೇನ?"

"ಅರ್ಧಾ ಕಪ್ಪ ಸಾಕ್ರಿ."

ಅರ್ಧ ಕಪ್ಪು ಅಂದವನು ಇವತ್ತಿನವರೆಗೆ ಅರ್ಧ ಕಪ್ಪು ಕುಡಿದಿಲ್ಲ.

ಅವನ ಕೆಲಸ ಏನಿತ್ತು ಅನ್ನುವುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವನ ಹುಚ್ಚು ನಿಮಗೆ ತಿಳಿಯುವುದಿಲ್ಲ. ಅವನು ಪ್ಯಾನಿನ ಮೇಲೆ ಇದ್ದ. ಪ್ಯಾನು ಅಂದರೆ ಮನೆಯಷ್ಟು ಎತ್ತರದ ಕಡಾಯಿ. ಅದರಲ್ಲಿ ಕಬ್ಬಿನ ರಸ ಕುದಿದು ಪಾಕ ಆಗುತ್ತದೆ. ಸರಿಯಾದ ಗಳಿಗೆ ನೋಡಿ ಅದರೊಳಗೆ ಒಂದಿಷ್ಟು ನುಣ್ಣನೆಯ ಸಕ್ಕರೆ ಪುಡಿ ಬಿಡಬೇಕಂತೆ. ಹೊಲಕ್ಕೆ ಬೀಜ ಹಾಕಿದಂತೆ. ಆ ಪುಡಿಗೆ ಪಾಕ ಹತ್ತಿ ಹತ್ತಿ ಹರಳು ಬೆಳೆಯುತ್ತದೆ. ಗಳಿಗೆ ತಪ್ಪಿದರೆ ಇಡೀ ಪ್ಯಾನು ಹಾಳು. ಗಳಿಗೆ ತಿಳಿಯುವುದು ಹೇಗೆ? ಒಂದು ಹನಿ ಪಾಕ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡುವುದು. ಇದರಲ್ಲಿ ಇವನ ಕೈ ಮೀರಿಸುವವರು ಇರಲಿಲ್ಲ ಅಂತ ಅವನ ಸಾಹೇಬರೇ ಹೇಳುತ್ತಿದ್ದರು. ಹೇಳಬಾರದಿತ್ತು. ಅವತ್ತಿನಿಂದ ಇವನು ಜಗತ್ತಿನಲ್ಲಿ ಇದ್ದದ್ದನ್ನೆಲ್ಲ ತಿಕ್ಕಿ ನೋಡತೊಡಗಿದ.

ಅಥಣಿಯ ಅರಿವೆ ಅಂಗಡಿಯಲ್ಲಿ ನನ್ನ ಸೀರೆಯ ಸೆರಗು ತಿಕ್ಕಿ, "ಹರಳ ಸಣ್ಣ ಐತ್ರಿ" ಅಂದ. ಅಂಗಡಿಯವ ಸೀರೆ ಮಡಚಿ ಒಳಗಿಟ್ಟ. ಮಠದಲ್ಲಿ ಸ್ವಾಮಿಗಳು ವಿಭೂತಿ ಕೊಟ್ಟರೆ ಹಣೆಗೆ ಹಚ್ಚುವ ಬದಲು ತಿಕ್ಕಿ, "ಜರಡಿ ಚಲೋ ಹಿಡದೀರಿ ಅಪ್ಪಾರ" ಅಂದ. ನನ್ನ ಮಗನಿಗೆ ಹೆಣ್ಣು ನೋಡಲು ರಾಯಬಾಗಕ್ಕೆ ಹೋದಾಗ ಅವರು ಉಪ್ಪಿಟ್ಟು ಕೊಟ್ಟರು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಇವನು ಉಪ್ಪಿಟ್ಟು ತಿಕ್ಕುತ್ತಿದ್ದ. "ರವಾ ಒಂದ ನಮೂನಿ ಇಲ್ಲ. ಒಂದ ದಪ್ಪ, ಒಂದ ಸಣ್ಣ" ಅಂತ ಹುಡುಗಿಯ ಅಪ್ಪನ ಮುಂದೆಯೇ ಅಂದ. ಹುಡುಗಿ ಎಲ್ಲರಿಗೂ ಒಪ್ಪಿದ್ದಳು, ಉಪ್ಪಿಟ್ಟು ಒಬ್ಬನಿಗೆ ಒಪ್ಪಲಿಲ್ಲ, ಸಂಬಂಧ ಮುರಿಯಿತು. ಆಕೆ ಈಗ ಮುಗಳಖೋಡದಲ್ಲಿ ಸುಖವಾಗಿದ್ದಾಳಂತೆ. ಇರಬೇಕಾದದ್ದೇ. ನಮ್ಮಲ್ಲಿಗೆ ಬಂದಿದ್ದರೆ ಇವನ ಟಾಫಿ ತಿನ್ನಬೇಕಾಗಿತ್ತು.

ಟಾಫಿಯ ಮೂಲ ಇವನ ಮಗಳು. ಒಬ್ಬಳೇ ಮಗಳು.

ಕಬ್ಬಿನ ಸೀಜನ್ ಮತ್ತು ಸಂಕ್ರಮಣ ಕೂಡಿಯೇ ಬರುತ್ತವೆ. ಊರವರೆಲ್ಲ ಎಳ್ಳು ಬೆಲ್ಲ ಹಂಚುವಾಗ ಇವನು ಪ್ಯಾನಿನ ಮೇಲೆ. ಆ ಹುಡುಗಿ ಸಣ್ಣಾಕಿ ಇದ್ದಾಗ ಹಬ್ಬದ ದಿನ ಹೊಸ ಪರಕಾರ ತೊಟ್ಟು, ಕುಸುರೆಳ್ಳಿನ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಇವನು ಬರುವುದರೊಳಗೆ ಅಲ್ಲಿಯೇ ಮಲಗಿಬಿಡುತ್ತಿದ್ದಳು. ಎತ್ತಿ ಒಳಗೆ ತಂದು ಹಾಕಿದಾಕಿ ನಾನು. ಮರುದಿವಸ ಇವನು ಕೇಳುತ್ತಿದ್ದ, "ಮುಂದಿನ ಹಬ್ಬಕ್ಕ ಏನ್ ತರಲೆವ್ವಾ?" ಆಕೆ ಪ್ರತಿವರ್ಷ ಹೇಳಿದ್ದು ಒಂದೇ. ಬಂಗಾರದ ಕಾಗದದಲ್ಲಿ ಸುತ್ತಿದ ಟಾಫಿ. ಇವನು ಪ್ರತಿವರ್ಷ ತಂದದ್ದೂ ಒಂದೇ. ಕಾರಣ.

"ಅಂಗಡಿ ತಗಿಯೂದರಾಗ ನಾ ಪ್ಯಾನಿನ ಮ್ಯಾಗ ಇರತೀನ್ರಿ ವೈನಿ, ಅಂಗಡಿ ಮುಚ್ಚೂದರಾಗ ಹಾಸಿಗ್ಯಾಗ ಇರತೀನಿ. ಎಂದ ತರೂದ್ರಿ?"

ಹದಿನೆಂಟು ವರ್ಷದ ಹಿಂದೆ ಆಕೆಯ ಮದುವೆ ಆಯಿತು. ಅದೂ ಸೀಜನ್ನಿನಲ್ಲಿ, ಗಂಡಿನವರಿಗೆ ಅವಸರ. ಅಕ್ಷತೆ ಬಿದ್ದವು. ಜೊತೆಯ ಪ್ಯಾನಿನವನಿಗೆ ಜ್ವರ ಬಂದಿದೆ ಅಂತ ಫ್ಯಾಕ್ಟರಿಯಿಂದ ಸೈಕಲ್ ಮೇಲೆ ಆಳು ಬಂದ. ಇವನು ರುಮಾಲು ಸುತ್ತಿದ ತಲೆಯಲ್ಲೇ, ಅಕ್ಷತೆ ಹೆಗಲ ಮೇಲೆ ಇರುವಾಗಲೇ ಸೈಕಲ್ ಹತ್ತಿ ಹೋದ. ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಅಪ್ಪ ಎಲ್ಲಿ ಅಂತ ಬೀಗರು ಕೇಳಿದರು. ಹರಳು ಬೀಳಿಸಲು ಹೋಗಿದ್ದಾನೆ ಅಂತ ಯಾವ ಬಾಯಿಂದ ಹೇಳಲಿ? ಹೇಳ್ರಿ ನೀವ.

ಹುಡುಗಿ ಅಳಲಿಲ್ಲ. ನಿಪ್ಪಾಣಿಯ ಗಾಡಿ ಹತ್ತುವಾಗ ನನ್ನ ಕೈ ಹಿಡಿದು ಇಷ್ಟೇ ಅಂದಳು: "ದೊಡ್ಡವ್ವಾ, ಅಪ್ಪಗ ಹೇಳು. ಅವನ ಕೈಲೆ ಮಾಡಿದ ಟಾಫಿ, ಹಬ್ಬದ ದಿನಾನ, ಅವನ ತಂದು ಕೊಟ್ಟರ ಇಸ್ಕೋತೀನಿ. ಮತ್ತೊಬ್ಬರ ಕೈಲೆ ಎಳ್ಳು ಬೆಲ್ಲಾ ಕಳಸೂದ ಬ್ಯಾಡ."

ಅಷ್ಟೇ. ಅವತ್ತಿನಿಂದ ಇವನು ಫೋನ್ ಮಾಡಿದರೆ ಆಕೆಯ ಬಾಯಿಂದ ಮೂರು ಮಾತು ಬರುತ್ತವೆ. "ಹೂಂ. ಅರಾಮ. ಇಡತೀನಿ." ಹದಿನೆಂಟು ವರ್ಷ ಮೂರು ಮಾತಿನ ಮೇಲೆ ನಡೆಯಿತು. ತಾಯಿ ಸತ್ತಾಗ ಬಂದು ಹನ್ನೆರಡು ದಿನ ಇದ್ದಳು. ಆಗಲೂ ಅಪ್ಪನನ್ನು ಉಣ್ಣಲು ಕರೆಸಿದ್ದು ನನ್ನ ಬಾಯಿಂದ.

ಮೂರು ವರ್ಷದ ಹಿಂದೆ ರಿಟೈರ್ ಆದನಲ್ಲ, ಆ ವರ್ಷ ಮೊದಲ ಸಲ ಸಂಕ್ರಮಣಕ್ಕೆ ಮನೆಯಲ್ಲಿ ಇದ್ದ. ಭೋಗಿಯ ದಿನ ಬೆಳಿಗ್ಗೆ ನಾನು ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದೆ. ಇವನು ಸ್ನಾನ ಮಾಡಿ, ಫ್ಯಾಕ್ಟರಿಯ ಹಳೆಯ ಖಾಕಿ ಅಂಗಿ ತೊಟ್ಟು, ಹೊಸ್ತಿಲಲ್ಲಿ ನಿಂತ.

"ವೈನಿ, ಚಾರ್ಜ್ ಕೊಡ್ರಿ."

"ಯಾತರದು?"

"ಒಲಿದು. ಟಾಫಿ ಮಾಡಾವ ಅದೀನಿ."

ಐವತ್ನಾಲ್ಕು ವರ್ಷ ನಾನು ಕಾಯ್ದ ಒಲೆ. ಚಾರ್ಜ್ ಕೊಡಬೇಕಂತೆ. ಕೊಟ್ಟೆ, ಯಾಕೆಂದರೆ ಮಗಳ ಮಾತು ನನಗೂ ನೆನಪಿತ್ತು. ಇಲ್ಲವಾದರೆ ಲಟ್ಟಣಿಗೆ ಇತ್ತು ನನ್ನ ಕೈಯಲ್ಲಿ.

ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿ ಇಟ್ಟ. ಅದರೊಳಗೆ ಒಬ್ಬಾಕಿ ಹಾಲು, ಸಕ್ಕರೆ, ಬೆಲ್ಲ, ತುಪ್ಪ ಕೂಡಿಸಿ ಕುದಿಸುತ್ತಿದ್ದಳು. ತಣ್ಣೀರಿನಲ್ಲಿ ಹನಿ ಬಿಟ್ಟರೆ ಉಂಡೆ ಕಟ್ಟಬೇಕು, ಸಕ್ಕರೆ ಮಾತ್ರ ಹರಳು ಆಗಬಾರದು, ಹರಳಾದರೆ ಟಾಫಿ ಕೆಟ್ಟಿತು ಅಂತ ಹೇಳಿದಳು. ಇವನು ಸವಟು ಎತ್ತಿ ಹಿಡಿದ.

"ಕೇಳಿದಿರೇನ್ರಿ ವೈನಿ? ಹರಳ ಬೀಳಬಾರದಂತ. ಮೂವತ್ನಾಕ ವರ್ಷ ಹರಳ ಬೀಳಸಾಕ ಪಗಾರ ತಗೊಂಡೀನಿ ನಾ. ಈಕಿ ನನಗ ಹೇಳತಾಳ."

"ಆಕಿ ಟಾಫಿ ಮಾಡಾಕತ್ತಾಳ. ನೀ ಏನ ಮಾಡಾಕತ್ತಿ?"

"ನಾನೂ ಟಾಫೀನ."

"ಹಂಗಾರ ಬಾಯಿ ಮುಚ್ಚಕೊಂಡ ಆಕಿ ಹೇಳಿದಂಗ ಮಾಡು."

ಮಾಡಿದ. ಬಲಗೈ ಆಕೆ ಹೇಳಿದಂತೆಯೇ ಮಾಡಿತು. ಪಾಕ ದಪ್ಪ ಆಯಿತು, ಬಣ್ಣ ತಿರುಗಿತು, ಒಂದು ಹನಿ ತೆಗೆದು ತಿಕ್ಕಿ ನೋಡಿದ, ಮುಖದ ಮೇಲೆ ಕಳೆ ಬಂತು. ಅಷ್ಟರಲ್ಲಿ ಎಡಗೈ ತಾನಾಗಿ ಡಬ್ಬಿಗೆ ಹೋಗಿ ಒಂದು ಚಿಟಿಕೆ ಸಕ್ಕರೆ ತಂದು ಪಾಕಕ್ಕೆ ಬಿಟ್ಟಿತು. ಬಿಟ್ಟದ್ದು ಅವನಿಗೇ ಗೊತ್ತಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ.

ತಾಟಿಗೆ ಸುರಿದ. ಆರಿದ ಮೇಲೆ ನೋಡಿದರೆ ಬಿಳಿ ಬಿಳಿ ಹರಳು ಕಟ್ಟಿದ ಒಂದು ಹಂಚು. ಚಾಕು ಹಾಕಿದರೆ ಚಾಕು ಬಾಗಿತು. ಕೊನೆಗೆ ಗುಂಡಕಲ್ಲಿನಿಂದ ಒಡೆದೆವು. ನಾನು ಒಂದು ಚೂರು ಬಾಯಿಗೆ ಹಾಕಿದೆ. ಹಲ್ಲಿನ ಕತೆ ಆಗಲೇ ಹೇಳಿದ್ದೇನೆ. ನಾನು ಬಾಯಿ ಹಿಡಿದುಕೊಂಡು ಕೂತಿದ್ದರೆ ಇವನು ಒಂದು ಚೂರನ್ನು ಬಿಸಿಲಿಗೆ ಹಿಡಿದು, "ಏನಾರ ಅನ್ರಿ ವೈನಿ, ಹರಳ ಮಾತ್ರ ಒಂದ ಅಳತಿ ಬಿದ್ದಾವ" ಅಂದ.

ಸುತ್ತಲಿಕ್ಕೆ ಅಂತ ಪಾನಪಟ್ಟಿ ಅಂಗಡಿಯಿಂದ ಸಿಗರೇಟು ಪಾಕೀಟಿನ ಒಳಗಿನ ಬಂಗಾರದ ಕಾಗದ ಒಂದು ಚೀಲ ಕೂಡಿಸಿಟ್ಟಿದ್ದ. ಮೂಸಿ ನೋಡಿದೆ, ತಂಬಾಕಿನ ಘಾಟು. "ನಿಪ್ಪಾಣಿಯವರಿಗೆ ತಂಬಾಕ ಒಯ್ತೀಯೇನೋ? ಅವರ ಊರಾಗ ಅದಕ್ಕೇನ ಬರ ಬಂದೈತಿ?" ಅಂದೆ. ಅಂತೂ ಆ ವರ್ಷ ನಿಪ್ಪಾಣಿಗೆ ಹೋಗಲಿಲ್ಲ. "ಇಂಥಾದ್ದ ಕೊಟ್ಟರ ಆಕಿ ಇಸ್ಕೋತಾಳೇನ್ರಿ? ಮುಂದಿನ ವರ್ಷ" ಅಂದ. ಚೂರುಗಳನ್ನು ಹಿತ್ತಲಿಗೆ ಚೆಲ್ಲಿದೆ. ಇರುವೆಗಳು ಸಾಲು ಹಿಡಿದು ಬಂದವು, ಸುತ್ತು ಹಾಕಿದವು, ತಿರುಗಿ ಹೋದವು. ಅವಕ್ಕೂ ಹಲ್ಲಿನ ಚಿಂತೆ ಇರಬೇಕು.

ಎರಡನೇ ವರ್ಷ ನಾನು ಮೊದಲೇ ಹೇಳಿದೆ, "ಲೇ ತಮ್ಮಾ, ತಪ್ಪು ನಿನ್ನ ಎಡಗೈದು." ಇವನು ನಂಬಲಿಲ್ಲ. ಮೂರು ಸಲ ಮಾಡಿ ಮೂರು ಸಲ ಹಂಚು ಆದ ಮೇಲೆ, "ಹಂಗಾರ ಕಟ್ಟರಿ" ಅಂತ ಕೈಯನ್ನು ಬೆನ್ನ ಹಿಂದೆ ಇಟ್ಟ. ಟಾವೆಲ್ಲಿನಿಂದ ಕಟ್ಟಿದೆ. ಅದೇ ಹೊತ್ತಿಗೆ ಗಿರಣಿಯವನ ಸೊಸೆ ಮಜ್ಜಿಗೆ ಕೇಳಿಕೊಂಡು ಬಂದಳು. ಒಲೆಯ ಮುಂದೆ ಬೆವರು ಸುರಿಸುತ್ತ ಕೂತ ಕೈ ಕಟ್ಟಿದ ಗಂಡಸು, ಹಿಂದೆ ಲಟ್ಟಣಿಗೆ ಹಿಡಿದು ನಿಂತ ನಾನು. ಆಕೆ ಮಜ್ಜಿಗೆಯ ಚರಿಗೆ ಅಲ್ಲೇ ಬಿಟ್ಟು ಹೋದಳು. ಸಂಜೆಯೊಳಗೆ ಊರ ತುಂಬ ಸುದ್ದಿ. ದೊಡ್ಡಾಕಿ ಮೈದುನನನ್ನು ಕಟ್ಟಿ ಹಾಕಿ ದುಡಿಸುತ್ತಾಳೆ, ಪೆನ್ಶನ್ ಸಲುವಾಗಿ ಇರಬೇಕು ಅಂತ. ನನ್ನ ಮಗನಿಗೆ ಪಂಚಾಯ್ತಿಯವರು ಕರೆದು ಕೇಳಿದರಂತೆ.

ಇಷ್ಟು ಮಾನ ಕಳಕೊಂಡರೂ ಟಾಫಿ ಆಯಿತೇ? ಆಗಲಿಲ್ಲ. ಎಡಗೈ ಕಟ್ಟಿದರೆ ಬಲಗೈ ಸುಮ್ಮನಿರಬೇಕಲ್ಲ. ಪಾತ್ರೆಯ ಅಂಚಿಗೆ ಪಾಕ ಒಣಗಿ ಹರಳು ಕೂತಿತ್ತು, ಸವಟಿನಿಂದ ಅದನ್ನು ಕೆರೆದು ಒಳಗೆ ಕೆಡವಿದ. ಸಾಕಾಯಿತು. ಒಂದು ಹರಳು ಬಿದ್ದರೆ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ ಅದು, ಥೇಟ್ ಗಿರಣಿಯವನ ಸೊಸೆಯ ಹಾಗೆ.

ಅವತ್ತು ನಾನು ಒಂದು ಬುದ್ಧಿಯ ಮಾತು ಹೇಳಿದೆ. "ಟಾಫಿ ಬಿಡು. ಕುಸುರೆಳ್ಳು ಮಾಡು. ಎಳ್ಳಿನ ಮ್ಯಾಗ ಪಾಕಾ ಹನಸಿ ಹನಸಿ ಮುಳ್ಳ ಬೆಳಸೂದು. ಅದರಾಗ ಹರಳ ಬೇಕು. ನಿನ್ನ ಕೈಗೆ ಹೇಳಿ ಮಾಡಿಸಿದ ಕೆಲಸ ಐತಿ."

ಇವನು ಟಾವೆಲ್ ಬಿಚ್ಚಿಕೊಳ್ಳುತ್ತ ಅಂದ, "ಕುಸುರೆಳ್ಳು ಆಕಿಗೆ ವರ್ಷಾ ನೀವು ಕೊಟ್ಟೀರಿ ವೈನಿ. ನನಗ ಕೇಳಿದ್ದ ಟಾಫಿ."

ನಾನು ಲಟ್ಟಣಿಗೆ ಕೆಳಗಿಟ್ಟು ಹಂಚಾದ ಪಾಕ ಕೆರೆಯಲು ಕೂತೆ. ಆ ವರ್ಷವೂ ನಿಪ್ಪಾಣಿಗೆ ಹೋಗಲಿಲ್ಲ.

ಮೂರನೆಯದು ಈ ವರ್ಷದ ಸಂಕ್ರಮಣ. ಈ ಸಲ ಭೋಗಿಯ ದಿನ ಇವನು ತಾನಾಗಿಯೇ ಎಡಗೈಯನ್ನು ತೊಡೆಯ ಕೆಳಗೆ ಹಾಕಿ, ಅದರ ಮೇಲೆ ಕೂತುಕೊಂಡ. ಪಾತ್ರೆಯ ಅಂಚನ್ನು ಒದ್ದೆ ಅರಿವೆಯಿಂದ ನಾನು ಒರೆಸುತ್ತ ಇದ್ದೆ. ಮೊಬೈಲಿನಾಕಿಯ ಅಗತ್ಯ ಇರಲಿಲ್ಲ, ಅವಳ ಮಾತು ಇಬ್ಬರಿಗೂ ಬಾಯಿಪಾಠ ಆಗಿತ್ತು. ಇವನು ಮಾತಾಡಲಿಲ್ಲ, ನಾನೂ ಬೈಯಲಿಲ್ಲ. ನಮ್ಮಿಬ್ಬರ ನಡುವೆ ಇಷ್ಟು ಹೊತ್ತು ಶಾಂತಿ ಇದ್ದದ್ದು ನನಗೆ ನೆನಪಿಲ್ಲ.

ಪಾಕ ಹಳೆಯ ಬಂಗಾರದ ಬಣ್ಣಕ್ಕೆ ಬಂತು. ತಣ್ಣೀರಿಗೆ ಹನಿ ಬಿಟ್ಟೆ. ಉಂಡೆ ಕಟ್ಟಿತು. ಒತ್ತಿದರೆ ಮೇಣದ ಹಾಗೆ ಬಾಗಿತು. ಇವನು ತಿಕ್ಕಿ ನೋಡಿ, ಮೊದಲ ಸಲ ಹೆದರಿದವನ ಹಾಗೆ ಮೆಲ್ಲಗೆ, "ಹರಳ ಇಲ್ರಿ ವೈನಿ" ಅಂದ. ಇನ್ನು ಉಳಿದದ್ದು ತಾಟಿಗೆ ಸುರಿಯುವುದು. ಪಾತ್ರೆ ಹಿಡಿಯುವ ಇಕ್ಕಳಕ್ಕೆ ನಾನು ಆ ಕಡೆ ತಿರುಗಿದೆ.

ಅದೇ ಹೊತ್ತಿಗೆ ಹೊಳೆಯ ಆಚೆ ನಾಲ್ಕರ ಭೋಂಗಾ ಕೂಗಿತು.

ಪಾಳಿ ಬದಲಾಗುವ ಹೊತ್ತು. ಮುಂದಿನವನಿಗೆ ಪ್ಯಾನು ಒಪ್ಪಿಸುವ ಮುಂಚೆ ಬೀಜ ಬಿಟ್ಟಿರಬೇಕು. ನಾನು ತಿರುಗಿ ನೋಡುವುದರೊಳಗೆ ಎಡಗೈ ತೊಡೆಯ ಕೆಳಗಿನಿಂದ ಹೊರಗೆ ಬಂದು, ನಾಲ್ಕರ ಚಹಾಕ್ಕೆ ಅಂತ ತೆಗೆದಿಟ್ಟಿದ್ದ ಸಕ್ಕರೆ ಡಬ್ಬಿಗೆ ಹೋಗಿ, ಪಾತ್ರೆಯ ಮೇಲೆ ಬೆರಳು ಬಿಚ್ಚಿತ್ತು. ಡಬ್ಬಿ ತೆಗೆದಿಟ್ಟಾಕಿ ನಾನೇ. ಆದರೆ ತಪ್ಪು ನನ್ನದಲ್ಲ. ನಾಲ್ಕಕ್ಕೆ ಚಹಾ ಬೇಡುವವನದು.

ಇವನು ಎದ್ದು ಹೋಗಿ ಹೊಸ್ತಿಲ ಮೇಲೆ ಕೂತು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡತೊಡಗಿದ. ಯಾರದೋ ಮನೆಯಿಂದ ತಪ್ಪಿಸಿಕೊಂಡು ಬಂದ ಕರುವನ್ನು ನೋಡುವ ಹಾಗೆ.

"ಏನ ನೋಡತಿ? ಕೈ ಐತಿ ಅದು. ಇವತ್ತ ಹೊಸಾದ ಕಂಡಿಯೇನ?"

"ಮುಂದಿನ ವರ್ಷ ನೋಡೂಣ್ರಿ ವೈನಿ."

"ಮುಂದಿನ ವರ್ಷ ಅನ್ನಾಕ ನಿನಗ ಎಷ್ಟ ವರ್ಷ ಬರದಾವ? ನನಗರ ಎಷ್ಟ ಬರದಾವ?"

ಇವನಿಗೆ ಕಾಯುತ್ತ ಕೂತರೆ ಆಗುವ ಕೆಲಸವಲ್ಲ ಅದು. ಪೂರಾ ಕಲ್ಲಾಗುವುದರೊಳಗೆ ತಾಟಿಗೆ ಸುರಿದು, ಬಿಸಿ ಇರುವಾಗಲೇ ಚಾಕುವಿನಿಂದ ಗೆರೆ ಕೊಯ್ದೆ. ಗೆರೆ ಗುಂಟ ತುಂಡು ಬಂದವು. ಬಂಗಾರದ ಕಾಗದ ಈ ಸಲ ನಾನೇ ಕಾಗವಾಡದ ಪುಸ್ತಕದ ಅಂಗಡಿಯಿಂದ ತರಿಸಿಟ್ಟಿದ್ದೆ, ತಂಬಾಕಿನ ವಾಸನೆ ಇಲ್ಲದ್ದು. ಕೂತು ಸುತ್ತಿದೆ. ಇವನು ನೋಡುತ್ತ ಕೂತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಬಂದು ತಾನೂ ಸುತ್ತತೊಡಗಿದ. ಒಂದೊಂದು ಕಾಗದವನ್ನೂ ಮೊದಲು ತಿಕ್ಕಿ ನೋಡಿ, ಆಮೇಲೆ.

ಮರುದಿವಸ ಸಂಕ್ರಮಣ, ಬೆಳಿಗ್ಗೆ ಇವನನ್ನು ಎಳಕೊಂಡು ಹೊರಟೆ. ಸಾಲಿಗೆ ಎಳಕೊಂಡು ಹೋದ ಹಾಗೆಯೇ. ನನಗೆ ಆಧಾರ ಕಾರ್ಡು ತೋರಿಸಿದರೆ ಬಸ್ಸು ಪುಕ್ಕಟ, ಅವನಿಗೆ ತಿಕೀಟು. ಸರಕಾರಕ್ಕೆ ಬುದ್ಧಿ ಇದೆ ಅನ್ನುವುದಕ್ಕೆ ಇದೊಂದೇ ಗುರುತು. ಚಿಕ್ಕೋಡಿಯಲ್ಲಿ ಬಸ್ಸು ಬದಲಿ ಮಾಡುವಾಗ ಇವನು ಹಿಂದಕ್ಕೆ ಸರಿದ.

"ನಾ ಇಲ್ಲಿಂದ ತಿರಗತೀನ್ರಿ ವೈನಿ. ನೀವ ಕೊಟ್ಟ ಬರ್ರಿ."

"ಯಾಕ, ಪ್ಯಾನ ಉಕ್ಕಿ ಬರಾಕತ್ತೈತಿ?"

"ಹರಳಾದದ್ದನ್ನ ಕೈಯಾಗ ಹಿಡಕೊಂಡ ಹೆಂಗ ನಿಂದರ್ಲಿ ಆಕಿ ಮುಂದ?"

"ಮಗಳ ಮದಿವಿ ಬಿಟ್ಟ ಹ್ವಾದಂವ ನೀ. ಈಗ ಬಸ್ಸರ ಬಿಡಬ್ಯಾಡ. ಹತ್ತು."

ನನ್ನ ದನಿ ಏರಿತ್ತು ಅಂತ ಕಾಣುತ್ತದೆ. ನಿಪ್ಪಾಣಿ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತು ನಕ್ಕ. "ಆಜೀ, ಆಜ ಸಂಕ್ರಾಂತ ಆಹೆ. ಗೋಡ ಬೋಲಾ." ಹಬ್ಬದ ದಿನ ಸಿಹಿ ಮಾತಾಡಿರಿ ಅಂತ ನನಗೆ ಬುದ್ಧಿ ಹೇಳುತ್ತಾನೆ. ಸುಮ್ಮನೆ ಒಂದು ಟಾಫಿ ತೆಗೆದು ಅವನ ಕೈಗೆ ಕೊಟ್ಟೆ. ಬಾಯಿಗೆ ಹಾಕಿಕೊಂಡ. ನಿಪ್ಪಾಣಿ ಮುಟ್ಟುವತನಕ ಯಾರಿಗೂ ಬುದ್ಧಿ ಹೇಳಲಿಲ್ಲ.

ಮಗಳು ಬಾಗಿಲು ತೆಗೆದಳು. ನನ್ನನ್ನು ನೋಡಿ, "ದೊಡ್ಡವ್ವಾ, ಬಾ" ಅಂದಳು. ನನ್ನ ಬೆನ್ನ ಹಿಂದೆ ಇವನನ್ನು ನೋಡಿ ಬಾಗಿಲು ಪೂರಾ ತೆಗೆದು ಬದಿಗೆ ಸರಿದಳು. ಒಳಗೆ ಕೂಡಿಸಿದಳು, ನೀರು ಕೊಟ್ಟಳು, ಚಹಾ ತಂದಿಟ್ಟಳು. ನಾನು ಮೊಣಕೈಯಿಂದ ಇವನಿಗೆ ತಿವಿದೆ.

ಇವನು ಎದ್ದು ನಿಂತು ಡಬ್ಬಿಯ ಮುಚ್ಚಳ ತೆಗೆದ. ಹಬ್ಬದ ಮಾತು ಸಣ್ಣ ಹುಡುಗರಿಗೂ ಬರುತ್ತದೆ. ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು ಅಂತ. ಆಡಿ ರೂಢಿ ಇಲ್ಲದ ಬಾಯಿ, "ಎಳ್ಳು ಬೆಲ್ಲಾ..." ಅಂದು ಅಲ್ಲಿಯೇ ನಿಂತುಬಿಟ್ಟಿತು. ಡಬ್ಬಿಯಲ್ಲಿ ಎಳ್ಳೂ ಇರಲಿಲ್ಲ ಅನ್ನಿ.

ಆಕೆ ಡಬ್ಬಿಯನ್ನು ನೋಡಿದಳು. ಅದರೊಳಗಿನ ಬಂಗಾರದ ಕಾಗದ ನೋಡಿದಳು. ಒಂದನ್ನು ತೆಗೆದು ಬಿಚ್ಚಿ ಬಾಯಿಗೆ ಹಾಕಿಕೊಂಡಳು. ಹಲ್ಲಿಗೆ ಸಿಕ್ಕ ಹರಳು ಕರಕರ ಅಂದದ್ದು ನನಗೆ ಈ ಕಡೆ ಕೇಳಿಸಿತು. ಇವನಿಗೂ ಕೇಳಿಸಿತು.

"ಹರಳ ಬಿದ್ದಾವವ್ವಾ" ಅಂದ. "ಟಾಫಿ ಆಗಿಲ್ಲದು. ಮೂರ ವರ್ಷ ಮಾಡಿದ್ನಿ, ಆಗವಲ್ಲದು. ಬ್ಯಾಡಾದ್ರ ಉಗುಳು."

ಆಕೆ ಉಗುಳಲಿಲ್ಲ. ಪೂರಾ ತಿಂದಳು. ಸಾವಕಾಶ ತಿಂದಳು. ನುಂಗಿ ಆದ ಮೇಲೆ ಅಂದಳು:

"ಹರಳ ಬೀಳದಿದ್ರ ಇದನ್ನ ಅಂಗಡ್ಯಾಗಿಂದ ತಂದಿ ಅಂತಿದ್ನಿ ಅಪ್ಪಾ. ನಿನ್ನ ಕೈಲೆ ಮಾಡಿದ್ದಂತ ನಾ ನಂಬತಿರಲಿಲ್ಲ."

ಅಷ್ಟು ಅಂದು ಎರಡನೆಯದನ್ನು ಬಿಚ್ಚಿದಳು. ಬಿಚ್ಚುತ್ತಲೇ ಶುರು ಮಾಡಿದಳು. ನಾಲ್ಕನೇ ಇಯತ್ತೆಯಲ್ಲಿ ಸಾಲಿಯ ಗ್ಯಾದರಿಂಗಿಗೆ ಹಾಡು ಹೇಳಿದಾಗ ನೀ ಬರಲಿಲ್ಲ ಅಂತ ಹಿಡಿದು, ಟೈಫಾಯಿಡ್ ಆದಾಗ ನಾಲ್ಕು ದಿನ ಡಬಲ್ ಪಾಳಿ ಮಾಡಿದಿ ಅಂತ ಹಾಯ್ದು, ಮದುವೆಯ ದಿನದ ಸೈಕಲ್ಲಿನ ಮೇಲೆ ಬಂದು, ಅಲ್ಲಿ ಒಂದು ತಾಸು ನಿಂತಳು. ಮೂರು ಮಾತಿನ ಹೆಣ್ಣುಮಗಳ ಹೊಟ್ಟೆಯಲ್ಲಿ ಇಷ್ಟು ಮಾತು ಎಲ್ಲಿ ಕೂತಿದ್ದವೋ. ನಡುನಡುವೆ ಮರಾಠಿಯಲ್ಲೂ ಬೈದಳು, ನಿಪ್ಪಾಣಿಯ ಸೊಸೆ ಅಲ್ಲವೇ. ನನ್ನ ಚಹಾ ಆರಿ ಕೆನೆ ಕಟ್ಟಿತು. ಇವನು ಕೈ ಕಟ್ಟಿ ಕೂತು, "ಹೌದವ್ವಾ. ಖರೆ ಐತಿ. ಹೌದವ್ವಾ" ಅನ್ನುತ್ತಿದ್ದ. ಬೈಸಿಕೊಳ್ಳುವ ಮನುಷ್ಯನ ಮುಖ ಅಷ್ಟು ಅರಳಿದ್ದನ್ನು ನಾನು ಎಲ್ಲಿಯೂ ನೋಡಿಲ್ಲ. ಐವತ್ತೇಳು ವರ್ಷ ನಾನು ಬೈದಿದ್ದೇನೆ, ಒಂದು ದಿನವೂ ಹಾಗೆ ಅರಳಲಿಲ್ಲ.

ಕೊನೆಗೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಇವತ್ತ ಇರತೀಯೋ, ಪಾಳಿ ಐತಿ ಅಂತೀಯೋ?"

"ಇರತೀನಿ."

"ಅರಿವಿ ತಂದೀಯೇನ?"

"ಇಲ್ಲ."

"ನಿನ್ನ ಅಳಿಯಂದ ಲುಂಗಿ ಐತಿ, ಉಟಗೋ."

ನನಗೂ ಇರು ಅಂದಳು. ಎಮ್ಮೆ ಯಾರು ಹಿಂಡಬೇಕು? ನಾನು ಸಂಜೆಯ ಬಸ್ಸಿಗೆ ತಿರುಗಿ ಬಂದೆ. ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು, ಚೀಲ ಇಟ್ಟುಕೊಂಡು ಅರಾಮಾಗಿ ಬಂದೆ. ಮೂರು ವರ್ಷದ ಪೀಡೆ ಕಳೆಯಿತು ಅಂತ ಮಗನ ಮುಂದೆ, ಸೊಸೆಯ ಮುಂದೆ ಹೇಳಿದೆ. ಇನ್ನು ನನ್ನ ಪಾತ್ರೆ ನನಗೆ, ನನ್ನ ಒಲೆ ನನಗೆ, ನನ್ನ ಸಕ್ಕರೆ ಡಬ್ಬಿ ನನಗೆ.

ಮರುದಿವಸ ಹಬ್ಬದ ಕರಿದಿನ. ಮಗ ಸೊಸೆ ಹೊತ್ತಿಗೆ ಸರಿಯಾಗಿ ನೌಕರಿಗೆ ಹೋದರು. ನಾನು ಒಲೆಯ ಮುಂದೆ ಕೂತು ಚಹಾಕ್ಕೆ ಇಟ್ಟಿದ್ದೆ. ಇವತ್ತರ ಶಾಂತ ಒಂದು ಕಪ್ಪು ಕುಡಿಯಬೇಕು, ಹೊಸ್ತಿಲ ಮೇಲೆ ಕೂತು ಯಾರೂ ನನ್ನ ಉಪ್ಪು ಹಿಟ್ಟು ತಿಕ್ಕುವವರಿಲ್ಲ ಅಂದುಕೊಂಡೆ. ಹೊಳೆಯ ಆಚೆ ಎಂಟರ ಭೋಂಗಾ ಕೂಗಿತು. ಸೋಸಿದೆ. ಸೋಸಿ ನೋಡಿದರೆ ಎರಡು ಕಪ್ಪು. ಒಂದು ನನ್ನ ಮುಂದೆ, ಒಂದು ಹೊಸ್ತಿಲ ಮೇಲೆ, ಕಂಠದವರೆಗೆ ತುಂಬಿದ್ದು. ಯಾವಾಗ ಇಟ್ಟೆನೋ ನನಗೇ ಗೊತ್ತಿಲ್ಲ.

ಆ ಕಪ್ಪನ್ನು ನೋಡಿದೆ. ಆಮೇಲೆ ನನ್ನ ಕೈಯನ್ನೂ ನೋಡಿದೆ.

ತಿರುಗಿ ಪಾತ್ರೆಗೆ ಸುರಿಯಬಹುದಿತ್ತು. ಸುರಿಯಲಿಲ್ಲ. ಕಪ್ಪಿನ ಬಸಿಯನ್ನು ಮೇಲೆ ಮುಚ್ಚಿಟ್ಟೆ. ನಿಪ್ಪಾಣಿಯಿಂದ ಬರುವ ಬಸ್ಸು ಚಿಕ್ಕೋಡಿಗೆ ಎಷ್ಟಕ್ಕೆ ಮುಟ್ಟುತ್ತದೋ, ಕೇಳಿಕೊಂಡು ಬರಬೇಕಿತ್ತು.